ರಬ್ಬರ್ ಜೇನೋ, ತೆಂಗಿನ ಜೇನೋ: ಪ್ರಯೋಗಾಲಯದಲ್ಲಿ ಗುರುತು ಹಿಡಿಯುವ ಬಗೆ

ಸುಳ್ಯ, ಪುತ್ತೂರು, ಬೆಳ್ತಂಗಡಿ ಕಡೆಯಿಂದ ಫೆಬ್ರವರಿ–ಮಾರ್ಚಿನಲ್ಲಿ ಮಂಗಳೂರಿಗೆ ಬರುವ ತುಡುವೆ (ಪೆಟ್ಟಿಗೆಯಲ್ಲಿ ಸಾಕುವ ನಾಡ ಜೇನ್ನೊಣ) ಜೇನುತುಪ್ಪದ ದೊಡ್ಡ ಪಾಲು ಹೂವಿನದ್ದೇ ಅಲ್ಲ. ರಬ್ಬರ್ ಮರ ಎಲೆ ಉದುರಿಸಿ ಮತ್ತೆ ಚಿಗುರುವಾಗ, ಮೂರು ಎಲೆಗಳು ಒಂದೇ ತೊಟ್ಟಿಗೆ ಸೇರುವ ಜಾಗದಲ್ಲಿರುವ ಪುಟ್ಟ ಗ್ರಂಥಿಗಳಿಂದ ಮಕರಂದ ಒಸರುತ್ತದೆ. ನೊಣ ಅದನ್ನೇ ಹೀರುತ್ತದೆ. ಹೂವಿನ ಸಂಪರ್ಕವೇ ಇಲ್ಲದ್ದರಿಂದ ಆ ಮಕರಂದದ ಜೊತೆ ರಬ್ಬರಿನ ಪರಾಗ ಬರುವುದಿಲ್ಲ. ಆದರೆ ಅದೇ ಪೆಟ್ಟಿಗೆಯ ಬೇರೆ ನೊಣಗಳು ಅದೇ ದಿನ ಪರಾಗಕ್ಕೆಂದು ತೆಂಗು, ಅಡಿಕೆ, ನಾಚಿಕೆಮುಳ್ಳಿಗೆ ಹೋಗಿ ಬಂದಿರುತ್ತವೆ. ತುಪ್ಪವನ್ನು ಮೈಕ್ರೋಸ್ಕೋಪಿನಡಿ ಇಟ್ಟರೆ ಕಾಣುವುದು ಈ ಮೂರೇ. ಪರಾಗದ ಎಣಿಕೆ ಒಂದನ್ನೇ ನಂಬಿ ಹೆಸರು ಬರೆದರೆ ರಬ್ಬರ್ ಜೇನು ಕಾಗದದ ಮೇಲೆ ತೆಂಗಿನ ಜೇನಾಗುತ್ತದೆ. ಇಲ್ಲಿ ರಾಸಾಯನಿಕ ವಿಶ್ಲೇಷಣೆ ಬೇಕಾಗುವುದು ಈ ಕಾರಣಕ್ಕೆ. ಕಲಬೆರಕೆ ಹಿಡಿಯುವುದು ಬೇರೆ ಕೆಲಸ, ಯಾವ ಗಿಡದ್ದು ಎಂದು ಹೇಳುವುದು ಬೇರೆ ಕೆಲಸ. ನಾನು ಬರೆಯುತ್ತಿರುವುದು ಹೆಚ್ಚಾಗಿ ಎರಡನೆಯದರ ಬಗ್ಗೆ.

ಯಂತ್ರಕ್ಕಿಂತ ಮೊದಲು ಬೇಕಾದದ್ದು ಮೂಲ ಗೊತ್ತಿರುವ ಮಾದರಿಗಳು. ಬೇರೆ ದೇಶದ ಪಟ್ಟಿಗಳನ್ನು ನೋಡಿ ನಮ್ಮ ಜೇನಿನ ಮೂಲ ಹೇಳಲಾಗದು. ಅಲ್ಲಿಯ ನೊಣವೂ ಬೇರೆ, ಗಿಡವೂ ಬೇರೆ. ಹಾಗಾಗಿ ರಬ್ಬರ್, ತೆಂಗು–ಅಡಿಕೆ, ಗೇರು, ನೇರಳೆ, ಕಾಡುಮಿಶ್ರ ಹೀಗೆ ಒಂದೊಂದು ಮೂಲಕ್ಕೂ ಕೈಯಾರೆ ತೆಗೆಸಿದ ಮಾದರಿಗಳನ್ನು ಇಟ್ಟುಕೊಳ್ಳುತ್ತೇವೆ. ರಬ್ಬರಿನದಕ್ಕೆ ದೊಡ್ಡ ತೋಟದ ನಡುವೆ ಇರುವ ಪೆಟ್ಟಿಗೆಗಳೇ ಆಗಬೇಕು. ತುಡುವೆ ಹೆಚ್ಚು ದೂರ ಹೋಗುವ ನೊಣವಲ್ಲ, ಸುಮಾರು ಒಂದು ಕಿಲೋಮೀಟರ್ ದೂರದೊಳಗೇ ಅದರ ಓಡಾಟ ಹೆಚ್ಚು. ಆದರೆ ತೋಟದ ಅಂಚಿನಲ್ಲಿ ಪೆಟ್ಟಿಗೆ ಇದ್ದರೆ ಪಕ್ಕದ ಮನೆಯ ತೆಂಗು, ಗೇರು ಎರಡೂ ಸೇರಿಕೊಳ್ಳುತ್ತವೆ. ಚಿಗುರು ಶುರುವಾಗುವ ಮೊದಲೇ ಮೇಲಿನ ಸೂಪರಿನಲ್ಲಿರುವ (ತುಪ್ಪ ಕೂಡಿಡುವ ಕೋಣೆಯಲ್ಲಿರುವ) ಹಳೆಯ ತುಪ್ಪವನ್ನೆಲ್ಲ ತೆಗೆಸಿ ಖಾಲಿ ಎರಿ ಇಡಿಸಬೇಕು. ಮಳೆಗಾಲದಲ್ಲಿ ಕೊಟ್ಟ ಸಕ್ಕರೆ ಪಾಕ ಕೆಳಗಿನ ಸಂಸಾರ ಕೋಣೆಯಲ್ಲಿ ಉಳಿದಿದ್ದರೆ, ಮೊಟ್ಟೆ ಇಡಲು ಜಾಗ ಮಾಡಿಕೊಳ್ಳುವ ನೊಣಗಳು ಅದನ್ನು ಮೇಲಕ್ಕೆ ಸಾಗಿಸುತ್ತವೆ. ಹಾಗಾಗಿ ಮೊದಲ ಕೊಯ್ಲಿನ ತುಪ್ಪವನ್ನು ಮೂಲ ಮಾದರಿಗೆ ಬಳಸುವುದೇ ಇಲ್ಲ. ಎರಡನೇ ಕೊಯ್ಲಿನಿಂದ, ಮೇಣದ ಮುಚ್ಚಳ ಬಿದ್ದ ಎರಿಗಳನ್ನು ಮಾತ್ರ, ತೊಳೆದು ಒಣಗಿಸಿದ ಯಂತ್ರದಲ್ಲಿ ತಿರುಗಿಸಿ ತೆಗೆಯುತ್ತೇವೆ. ಹಿಂಡಿ ತೆಗೆದದ್ದು ಬೇಡ. ಹಿಂಡಿದಾಗ ನೊಣ ಮರಿಗಳಿಗೆಂದು ಕೂಡಿಟ್ಟ ಪರಾಗದ ಉಂಡೆಯೂ ಒಡೆದು ತುಪ್ಪಕ್ಕೆ ಬಂದು ಎಣಿಕೆ ಕೆಡುತ್ತದೆ. ಹೆಜ್ಜೇನಿನ ತುಪ್ಪದಲ್ಲಿ ಪರಾಗ ವಿಪರೀತ ಕಾಣುವುದಕ್ಕೆ ಬಹಳ ಸಲ ಇದೇ ಕಾರಣ.

ಜೊತೆಗೆ ಮಕರಂದವನ್ನೂ ನೇರವಾಗಿ ತೆಗೆಯಬೇಕು. ಬೆಳಿಗ್ಗೆ ಎಳೆ ಎಲೆಯ ತೊಟ್ಟಿನ ತುದಿಯಲ್ಲಿ ಹೊಳೆಯುವ ಹನಿಗೆ 5 ಮೈಕ್ರೋಲೀಟರಿನ ಗಾಜಿನ ಕ್ಯಾಪಿಲರಿ ತಾಗಿಸಿದರೆ ತಾನೇ ಏರುತ್ತದೆ. ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ತಂದು ಕೂಡಲೇ ಫ್ರೀಜರಿಗೆ ಸೇರಿಸಬೇಕು. ನಮ್ಮ ಸೆಕೆಗೆ ಕೆಲವೇ ತಾಸಿನಲ್ಲಿ ಯೀಸ್ಟ್ ಬೆಳೆದು ಸಕ್ಕರೆಗಳ ಲೆಕ್ಕ ಬದಲಾಗುತ್ತದೆ. ಮಕರಂದದಲ್ಲೂ ಇದ್ದು, ರಬ್ಬರ್ ಜೇನಿನಲ್ಲೂ ಇದ್ದು, ತೆಂಗಿನ ತೋಟದ ಜೇನಿನಲ್ಲಿ ಇಲ್ಲದ ಶಿಖರಗಳನ್ನು (ಯಂತ್ರ ಬರೆಯುವ ಗೆರೆಯಲ್ಲಿ ಒಂದೊಂದು ವಸ್ತುವಿಗೆ ಏಳುವ ಏರುಗಳನ್ನು) ಮಾತ್ರ ನಾನು ಗುರುತು ಎಂದು ಪರಿಗಣಿಸುವುದು. ಜೇನಿನಲ್ಲಿ ಮಾತ್ರ ಇದ್ದು ಮಕರಂದದಲ್ಲಿ ಇಲ್ಲದಿದ್ದರೆ ಅದು ನೊಣದಿಂದ ಬಂದಿರಬಹುದು, ಎರಿಯ ಮೇಣದಿಂದ ಬಂದಿರಬಹುದು, ಹೊಗೆಯಿಂದಲೂ ಬಂದಿರಬಹುದು.

ಲ್ಯಾಬಿಗೆ ಬಂದ ತುಪ್ಪದಲ್ಲಿ ಮೊದಲ ತೊಡಕು ಹರಳು. ರಬ್ಬರ್ ಜೇನು ಬೇಗ ಹರಳುಗಟ್ಟುತ್ತದೆ. ಹರಳಾಗುವುದು ಗ್ಲೂಕೋಸ್. ಅದು ತಳಕ್ಕೆ ಇಳಿದು, ಮೇಲೆ ಫ್ರಕ್ಟೋಸ್ ಮತ್ತು ನೀರು ಹೆಚ್ಚಿರುವ ತೆಳು ಭಾಗ ನಿಲ್ಲುತ್ತದೆ. ಮೇಲಿನಿಂದ ಚಮಚದಲ್ಲಿ ತೆಗೆದು ಪರೀಕ್ಷಿಸಿದರೆ ತೇವಾಂಶವೂ ತಪ್ಪು, ಸಕ್ಕರೆಯ ಅನುಪಾತವೂ ತಪ್ಪು. ಬಾಟಲಿಯ ಮುಚ್ಚಳ ಬಿಗಿ ಮಾಡಿ 40 ಡಿಗ್ರಿಯ ನೀರಿನಲ್ಲಿಟ್ಟು, ಹರಳು ಪೂರ್ತಿ ಕರಗುವ ತನಕ ನಡುನಡುವೆ ತಿರುಗಿಸಿ, ಆಮೇಲೆ ಗುಳ್ಳೆ ಏಳದಂತೆ ನಿಧಾನವಾಗಿ ಕಲಕಬೇಕು. ಎಚ್‌ಎಂಎಫ್ ಮತ್ತು ಡಯಾಸ್ಟೇಸ್ (ಮೊದಲನೆಯದು ಬಿಸಿಗೆ ಹುಟ್ಟುವ ವಸ್ತು, ಎರಡನೆಯದು ಬಿಸಿಗೆ ಕುಗ್ಗುವ ಕಿಣ್ವ) ಪರೀಕ್ಷೆಯ ಪಾಲನ್ನು ಮಾತ್ರ ಬಿಸಿ ಮಾಡದೆ, ಚೆನ್ನಾಗಿ ಕಲಸಿ ಮೊದಲೇ ಬೇರೆ ತೆಗೆದಿಡುತ್ತೇನೆ. ಮಳೆಗಾಲದಲ್ಲಿ ಇನ್ನೊಂದು ಜಾಗ್ರತೆ ಬೇಕು. ಗಾಳಿಯ ತೇವ ಶೇ. 60 ಮೀರಿದರೆ ಜೇನು ನೀರನ್ನು ಹೀರುತ್ತದೆ, ಮಂಗಳೂರಿನ ಜುಲೈಯಲ್ಲಂತೂ ಕೇಳುವುದೇ ಬೇಡ. ತಕ್ಕಡಿಯ ಬಳಿ ಬಾಟಲಿ ತೆರೆದಿಟ್ಟುಕೊಂಡು ಮಾತಾಡುವ ಅಭ್ಯಾಸವನ್ನು ಲ್ಯಾಬಿನಲ್ಲಿ ಯಾರಿಗೂ ಬಿಡುವುದಿಲ್ಲ.

ತೇವಾಂಶ ನೋಡುವುದು, ಬೆಳಕು ಬಾಗುವ ಪ್ರಮಾಣ (ವಕ್ರೀಭವನ ಸೂಚ್ಯಂಕ) ಅಳೆಯುವ ಅಬ್ಬೆ ರಿಫ್ರಾಕ್ಟೋಮೀಟರಿನಲ್ಲಿ. ಆ ಸಂಖ್ಯೆಯನ್ನು ತೇವಕ್ಕೆ ಬದಲಿಸುವ ಕೋಷ್ಟಕ ಇರುವುದು 20 ಡಿಗ್ರಿಗೆ. ಅದಕ್ಕಿಂತ ಮೇಲಿನ ಒಂದೊಂದು ಡಿಗ್ರಿಗೂ 0.00023 ಕೂಡಿಸಬೇಕು. 30 ಡಿಗ್ರಿಯಲ್ಲಿ 1.4842 ಬಂದರೆ 0.0023 ಸೇರಿಸಿ 1.4865, ಅಂದರೆ ಶೇ. 20 ತೇವ. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ಮಿತಿಯೂ ಅಷ್ಟೇ. ತುಡುವೆ ತುಪ್ಪ ಈ ಮಿತಿಯನ್ನು ದಾಟುವುದು ಇಲ್ಲಿ ಸಾಮಾನ್ಯ. ಈ ಸಂಖ್ಯೆ ಮೂಲವನ್ನು ಹೇಳುವುದಿಲ್ಲ. ಆದರೆ ಮುಂದಿನ ಪರೀಕ್ಷೆಯಲ್ಲಿ ಎಷ್ಟು ತುಪ್ಪ ತೂಗಬೇಕು ಎಂಬುದನ್ನು ಇದೇ ನಿರ್ಧರಿಸುತ್ತದೆ.

ಆ ಮುಂದಿನ ಪರೀಕ್ಷೆ ವಿದ್ಯುತ್ ವಾಹಕತೆ. ಕಡಿಮೆ ಖರ್ಚಿನಲ್ಲಿ ಮೂಲದ ಬಗ್ಗೆ ಇಷ್ಟು ಹೇಳುವ ಪರೀಕ್ಷೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ಜೇನಿನಲ್ಲಿರುವ ಖನಿಜ ಲವಣ ಮತ್ತು ಸಾವಯವ ಆಮ್ಲಗಳನ್ನು ಅದು ಒಟ್ಟಾಗಿ ಅಳೆಯುತ್ತದೆ, ಇವೆರಡೂ ಗಿಡದಿಂದ ಗಿಡಕ್ಕೆ ಬದಲಾಗುತ್ತವೆ. 100 ಮಿ.ಲೀ. ನೀರಿನಲ್ಲಿ 20 ಗ್ರಾಂ ಒಣ ಪದಾರ್ಥ ಬರುವಷ್ಟು ಜೇನು ತೆಗೆದುಕೊಳ್ಳಬೇಕು. ಲೆಕ್ಕ ಸುಲಭ: 2000ವನ್ನು, 100ರಿಂದ ತೇವಾಂಶ ಕಳೆದ ಸಂಖ್ಯೆಯಿಂದ ಭಾಗಿಸುವುದು. ತೇವ ಶೇ. 20 ಇದ್ದರೆ 25 ಗ್ರಾಂ, ಶೇ. 23 ಇದ್ದರೆ 25.97 ಗ್ರಾಂ. ಹೊಸಬರು ತೇವವನ್ನು ಲೆಕ್ಕಕ್ಕೆ ಹಿಡಿಯದೆ ಬರಿಯ 20 ಗ್ರಾಂ ಜೇನು ಹಾಕಿಬಿಡುತ್ತಾರೆ, ಆಗ ಬರುವ ಸಂಖ್ಯೆ ನಿಜಕ್ಕಿಂತ ಕೆಳಗಿರುತ್ತದೆ. ಸೆಲ್ಲನ್ನು 0.1 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಸರಿಹೊಂದಿಸಿಕೊಳ್ಳಬೇಕು. 20 ಡಿಗ್ರಿಯಲ್ಲಿ ಅದರ ವಾಹಕತೆ ಸೆಂಟಿಮೀಟರಿಗೆ 11.691 ಮಿಲಿಸೀಮೆನ್ಸ್.

ಇಲ್ಲಿ ಹೆಚ್ಚು ಎಡವುವುದು ಉಷ್ಣತೆಯಲ್ಲಿ. ಪೇಟೆಯಲ್ಲಿ ಸಿಗುವ ಮೀಟರುಗಳು ತಾವೇ ಉಷ್ಣತೆಯ ತಿದ್ದುಪಡಿ ಮಾಡಿಕೊಂಡು, ಡಿಗ್ರಿಗೆ ಸುಮಾರು ಶೇ. 2ರಂತೆ, 25 ಡಿಗ್ರಿಗೆ ಹೊಂದಿಸಿದ ಸಂಖ್ಯೆ ತೋರಿಸುತ್ತವೆ. ಜೇನಿನ ಪದ್ಧತಿ ಇರುವುದು 20 ಡಿಗ್ರಿಗೆ, ತಿದ್ದುಪಡಿ ಡಿಗ್ರಿಗೆ ಶೇ. 3.2. ಮೀಟರಿನ ಆ ಸೌಲಭ್ಯವನ್ನು ಆಫ್ ಮಾಡಿ ಇಡದಿದ್ದರೆ ಎಲ್ಲ ಮಾದರಿಗಳೂ ಒಂದೇ ಕಡೆಗೆ ಸರಿದು ಹೋಗುತ್ತವೆ, ತಪ್ಪು ಎಂದು ಗೊತ್ತಾಗುವುದೂ ಇಲ್ಲ. 29 ಡಿಗ್ರಿಯಲ್ಲಿ ಅಳೆದು ಶೇ. 28.8 ಕಳೆಯುವುದಕ್ಕಿಂತ ಬೀಕರನ್ನು 20 ಡಿಗ್ರಿಯ ನೀರಿನಲ್ಲಿ ಕಾಲು ಗಂಟೆ ಇಟ್ಟು ಅಳೆಯುವುದೇ ವಾಸಿ. ಹೂವಿನ ಜೇನಿಗೆ ಸಾಮಾನ್ಯ ಮಿತಿ ಸೆಂಟಿಮೀಟರಿಗೆ 0.8 ಮಿಲಿಸೀಮೆನ್ಸ್. ಅದನ್ನು ದಾಟಿದರೆ ಗಿಡದ ಮೇಲಿನ ಹೇನುಗಳು ಸ್ರವಿಸುವ ಸಿಹಿಯಿಂದ ಬಂದ ಜೇನು ಇರಬಹುದೇ ಎಂದು ನೋಡಬೇಕಾಗುತ್ತದೆ. ಹಾಗಿದ್ದಲ್ಲಿ ಸಕ್ಕರೆಗಳ ಪಟ್ಟಿಯಲ್ಲಿ ಮೆಲೆಜಿಟೋಸ್ ಕಾಣಿಸಿಕೊಳ್ಳುವ ಸಂಭವವಿದೆ. ರಬ್ಬರ್ ಎಲೆಯ ಮಕರಂದ ಈ ವರ್ಗಕ್ಕೆ ಸೇರುವುದಿಲ್ಲ. ಅದು ಗಿಡ ತಾನೇ ಸ್ರವಿಸುವುದು, ಕೀಟದ ಮೂಲಕ ಬಂದದ್ದಲ್ಲ. ಎಲೆಯಿಂದ ಬಂದದ್ದೆಲ್ಲ ಒಂದೇ ಎಂದು ವರದಿಗಳಲ್ಲಿ ಬರೆದದ್ದನ್ನು ಕಂಡಿದ್ದೇನೆ, ಅದು ತಪ್ಪು.

ಮುಕ್ತ ಆಮ್ಲತೆಗೆ 10 ಗ್ರಾಂ ಜೇನನ್ನು ಕುದಿಸಿ ಆರಿಸಿದ 75 ಮಿ.ಲೀ. ನೀರಿನಲ್ಲಿ ಕರಗಿಸಿ, 0.1 ಮೋಲಾರ್ ಕಾಸ್ಟಿಕ್ ಸೋಡಾ ಹಾಕುತ್ತ ಪಿಎಚ್ 8.3 ತಲುಪಿಸುವುದು. ಖರ್ಚಾದ ಮಿ.ಲೀ.ಯನ್ನು 10ರಿಂದ ಗುಣಿಸಿದರೆ ಕಿಲೋಗೆ ಎಷ್ಟು ಮಿಲಿ ಈಕ್ವಿವಲೆಂಟ್ ಎಂಬುದು ಸಿಗುತ್ತದೆ. ಎರಡು ನಿಮಿಷದೊಳಗೆ ಮುಗಿಸಬೇಕು, ತಡಮಾಡಿದರೆ ಲ್ಯಾಕ್ಟೋನುಗಳು ಒಡೆದು ಪಿಎಚ್ ಹಿಂದಕ್ಕೆ ಜಾರುತ್ತಲೇ ಇರುತ್ತದೆ. ಮಿತಿ 50. ಹುಳಿ ಬಂದ ತುಪ್ಪದಲ್ಲಿ ಇದು ಏರುತ್ತದೆ, ಅಂಥದ್ದರಲ್ಲಿ ಈ ಸಂಖ್ಯೆಯನ್ನು ಮೂಲ ಹೇಳಲು ಬಳಸಬಾರದು. ಬಣ್ಣಕ್ಕೆ 10 ಗ್ರಾಂ ಜೇನಿಗೆ ನೀರು ಸೇರಿಸಿ 20 ಮಿ.ಲೀ. ಮಾಡಿ 635 ನ್ಯಾನೋಮೀಟರಿನಲ್ಲಿ ಅಳೆದು, ಬಂದದ್ದನ್ನು 371.39ರಿಂದ ಗುಣಿಸಿ 38.70 ಕಳೆದರೆ ಫಂಡ್ ಅಳತೆ. ದ್ರಾವಣ ಮಸುಕಾಗಿದ್ದರೆ ಮೊದಲು ಸೆಂಟ್ರಿಫ್ಯೂಜ್ ಮಾಡಬೇಕು, ಇಲ್ಲವಾದರೆ ತೇಲುವ ಮೇಣವೂ ಬಣ್ಣವೆಂದೇ ಲೆಕ್ಕಕ್ಕೆ ಬರುತ್ತದೆ.

ಎಚ್‌ಎಂಎಫ್ ಗಿಡದ ಗುರುತಲ್ಲ, ಬಿಸಿ ಮತ್ತು ಹಳತನದ ಗುರುತು. ಆದರೂ ಮೂಲ ಪರೀಕ್ಷೆಗೆ ಮೊದಲೇ ಇದನ್ನು ಮಾಡುತ್ತೇನೆ. 5 ಗ್ರಾಂ ಜೇನನ್ನು 25 ಮಿ.ಲೀ. ನೀರಿನಲ್ಲಿ ಕರಗಿಸಿ, ಪ್ರೋಟೀನಿನಂಥವನ್ನು ತಳಕ್ಕಿಳಿಸುವ ಎರಡು ಕ್ಯಾರೆಜ್ ದ್ರಾವಣಗಳನ್ನು ತಲಾ ಅರ್ಧ ಮಿ.ಲೀ. ಹಾಕಿ 50 ಮಿ.ಲೀ. ಮಾಡಿ ಸೋಸಿ, ಮೊದಲ 10 ಮಿ.ಲೀ. ಚೆಲ್ಲುವುದು. ಉಳಿದದ್ದರಲ್ಲಿ 5 ಮಿ.ಲೀ.ಗೆ ಅಷ್ಟೇ ನೀರು, ಇನ್ನೊಂದು 5 ಮಿ.ಲೀ.ಗೆ ಅಷ್ಟೇ ಶೇ. 0.2ರ ಸೋಡಿಯಂ ಬೈಸಲ್ಫೈಟ್ ಸೇರಿಸಿ, ಎರಡನೆಯದನ್ನು ಹೋಲಿಕೆಗೆ ಇಟ್ಟುಕೊಂಡು 284 ಮತ್ತು 336 ನ್ಯಾನೋಮೀಟರಿನಲ್ಲಿ ಒಂದು ಗಂಟೆಯೊಳಗೆ ಓದಬೇಕು. ವ್ಯತ್ಯಾಸವನ್ನು 149.7ರಿಂದ ಗುಣಿಸಿದರೆ, ತೂಕ ಸರಿಯಾಗಿ 5 ಗ್ರಾಂ ಇದ್ದಾಗ, ಕಿಲೋಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಬೈಸಲ್ಫೈಟ್ ದ್ರಾವಣ ಅಂದಂದಿನದ್ದೇ ಆಗಬೇಕು. ಭಾರತದಲ್ಲಿ ಮಿತಿ 80. ಅದರ ಹತ್ತಿರ ಬಂದ ತುಪ್ಪದ ಪರಿಮಳದಲ್ಲಿ ಗಿಡದ್ದಕ್ಕಿಂತ ಬಿಸಿಯಿಂದ ಹುಟ್ಟಿದ ಫರ್ಫ್ಯೂರಾಲಿನಂಥವೇ ಹೆಚ್ಚು. ಅಂಥ ಮಾದರಿಗೆ, ಪರಿಮಳದ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಜಿಸಿ-ಎಂಎಸ್ ಮಾಡುವುದು ದುಡ್ಡು ದಂಡ. ನೀರಿನಂಶ ಇಳಿಸಲು 60–65 ಡಿಗ್ರಿಗೆ ಕಾಯಿಸಿದ ತುಪ್ಪಕ್ಕೂ ಇದೇ ಮಾತು. ಮೂಲ ಹೇಳಬೇಕಿದ್ದರೆ ಸಂಸ್ಕರಣೆಗೆ ಮುನ್ನವೇ ಮಾದರಿ ತೆಗೆಯಿರಿ ಎಂದು ಜೇನು ಕೃಷಿಕರಿಗೆ ಹೇಳುತ್ತಲೇ ಇರುತ್ತೇನೆ.

ಇಷ್ಟಾದ ಮೇಲೆ ಪರಾಗ. 10 ಗ್ರಾಂ ಜೇನನ್ನು 20 ಮಿ.ಲೀ. ಬೆಚ್ಚನೆಯ ನೀರಿನಲ್ಲಿ ಕರಗಿಸಿ 1000 ಜಿಯಲ್ಲಿ (ಗುರುತ್ವದ ಸಾವಿರ ಪಟ್ಟು ಬಲದಲ್ಲಿ) 10 ನಿಮಿಷ ಸೆಂಟ್ರಿಫ್ಯೂಜ್. ರೋಟರಿನ ತ್ರಿಜ್ಯ 15 ಸೆಂ.ಮೀ. ಇದ್ದರೆ ನಿಮಿಷಕ್ಕೆ ಸುಮಾರು 2450 ಸುತ್ತು. ಮೇಲಿನ ನೀರು ಚೆಲ್ಲಿ, ಮತ್ತೆ ತೊಳೆದು, ಉಳಿದದ್ದನ್ನು ಗ್ಲಿಸರಿನ್ ಜೆಲ್ಲಿಯಲ್ಲಿ ಕೂರಿಸಿ 300ಕ್ಕೆ ಕಡಿಮೆಯಿಲ್ಲದಂತೆ ಎಣಿಸುವುದು. ರಬ್ಬರ್ ಜೇನಿಗೆ 10 ಗ್ರಾಂ ಸಾಲುವುದಿಲ್ಲ, 20–25 ಗ್ರಾಂ ಹಾಕಿದರೂ ತಳದಲ್ಲಿ ಬರಿಯ ಮಬ್ಬು. ಆ ಬಡತನವೇ ಒಂದು ಸುಳಿವು. ಆದರೆ ಸೂಕ್ಷ್ಮ ಸೋಸುವಿಕೆ ಮಾಡಿದ ತುಪ್ಪವೂ ಹೀಗೇ ಕಾಣುತ್ತದೆ ಎಂಬುದು ನೆನಪಿರಲಿ. ನಾಚಿಕೆಮುಳ್ಳಿನದ್ದು ನಾಲ್ಕು ಕಣ ಅಂಟಿಕೊಂಡ ತೀರಾ ಚಿಕ್ಕ ಗುಂಪು, ಸ್ವಲ್ಪ ಬಂದರೂ ಎಣಿಕೆಯನ್ನೆಲ್ಲ ಆವರಿಸುತ್ತದೆ. ಅಕೇಶಿಯಾದ್ದು ಹದಿನಾರರ ಗುಂಪು. ನೇರಳೆಯದ್ದು ಚಿಕ್ಕ ತ್ರಿಕೋನ. ತೆಂಗು, ಅಡಿಕೆ ಎರಡರಲ್ಲೂ ಒಂದೇ ಸೀಳು. ಅಡಿಕೆಯನ್ನು ನೊಣ ಹುಡುಕಿಕೊಂಡು ಹೋಗುವುದು ಮುಖ್ಯವಾಗಿ ಪರಾಗಕ್ಕೆ. ಹಾಗಾಗಿ ಅಡಿಕೆಯ ಕಣ ಎಷ್ಟೇ ಕಂಡರೂ ‘ಅಡಿಕೆ ಜೇನು’ ಎಂದು ಬರೆಯುವ ಮುನ್ನ ಹತ್ತು ಸಲ ಯೋಚಿಸಬೇಕು. ನಿಯಮದಲ್ಲಿ ಏಕಪುಷ್ಪ ಜೇನು ಎನ್ನಲು ಆ ಗಿಡದ ಪರಾಗ ಶೇ. 45ಕ್ಕೆ ಕಡಿಮೆ ಇರಬಾರದು. ರಬ್ಬರ್ ಜೇನು ಈ ಅಳತೆಗೆ ಎಂದೂ ನಿಲ್ಲುವುದಿಲ್ಲ. ಅದರ ತಪ್ಪು ಜೇನಿನದ್ದೂ ಅಲ್ಲ, ಕೃಷಿಕನದ್ದೂ ಅಲ್ಲ.

ಸಕ್ಕರೆಗಳಿಗೆ ಎಚ್‌ಪಿಎಲ್‌ಸಿ, ಅಂದರೆ ದ್ರಾವಣವನ್ನು ಕಾಲಂ ಎಂಬ ಕೊಳವೆಯಲ್ಲಿ ಹಾಯಿಸಿ ಒಂದೊಂದು ವಸ್ತುವನ್ನೂ ಬೇರ್ಪಡಿಸುವ ಯಂತ್ರ. 5 ಗ್ರಾಂ ಜೇನು 40 ಮಿ.ಲೀ. ನೀರಿನಲ್ಲಿ ಕರಗಿಸಿ, ಮೊದಲೇ 25 ಮಿ.ಲೀ. ಮೆಥನಾಲ್ ಹಾಕಿಟ್ಟ 100 ಮಿ.ಲೀ. ಫ್ಲಾಸ್ಕಿಗೆ ಸುರಿದು ನೀರಿನಿಂದ ತುಂಬಿಸಿ, 0.45 ಮೈಕ್ರಾನಿನಲ್ಲಿ ಸೋಸುವುದು. ಅಮಿನೊ ಕಾಲಂ, ಅಸಿಟೊನೈಟ್ರೈಲ್ 80, ನೀರು 20, ಕಾಲಂ ಮತ್ತು ಆರ್‌ಐ (ವಕ್ರೀಭವನ ಅಳೆಯುವ) ಡಿಟೆಕ್ಟರ್ ಎರಡೂ 30 ಡಿಗ್ರಿಯಲ್ಲಿ. ಅಮಿನೊ ಕಾಲಂ ಸಕ್ಕರೆಗಳ ಜೊತೆ ತಾನೇ ಕೂಡಿಕೊಂಡು ಸವೆಯುತ್ತದೆ. ಶಿಖರಗಳು ದಿನದಿನಕ್ಕೆ ಮುಂಚೆ ಮುಂಚೆ ಬರತೊಡಗಿದರೆ ಅದೇ ಲಕ್ಷಣ. ಎಸಿ ಆರಿ ಹತ್ತುವ ಕೋಣೆಯಲ್ಲಿ ಆರ್‌ಐ ಗೆರೆ ನೆಟ್ಟಗೆ ನಿಲ್ಲುವುದಿಲ್ಲ, ಎಸಿಯ ಗಾಳಿ ಯಂತ್ರಕ್ಕೆ ನೇರ ಬೀಳದಂತೆ ನೋಡಿಕೊಳ್ಳಬೇಕು. ಫ್ರಕ್ಟೋಸ್–ಗ್ಲೂಕೋಸ್ ಅನುಪಾತ, ಗ್ಲೂಕೋಸ್–ನೀರಿನ ಅನುಪಾತ ಎರಡನ್ನೂ ನೋಡುತ್ತೇನೆ. ಎರಡನೆಯದು 2ಕ್ಕಿಂತ ಮೇಲಿದ್ದರೆ ಬೇಗ ಹರಳು, 1.7ಕ್ಕಿಂತ ಕೆಳಗಿದ್ದರೆ ತಡ. ರಬ್ಬರ್ ಎಂದು ಹೆಸರು ಹಚ್ಚಿದ ಜೇನು ವರ್ಷವಿಡೀ ಹರಳಾಗದೆ ನಿಂತಿದ್ದರೆ ಈ ಎರಡು ಸಂಖ್ಯೆಗಳನ್ನು ಮೊದಲು ತೆರೆದು ನೋಡುವುದು ಒಳ್ಳೆಯದು.

ಮುಳ್ಳಿಲ್ಲದ ಪುಟ್ಟ ನೊಣವಾದ ಮುಜಂಟಿಯ ಜೇನನ್ನು ಈ ಸಾಲಿನಲ್ಲಿ ಸೇರಿಸಲೇಬಾರದು. ಅದರ ತೇವ, ಹುಳಿ ಎರಡೂ ಹೆಚ್ಚು. ಗೂಡು ಕಟ್ಟುವುದು ಮೇಣಕ್ಕೆ ಮರದ ಅಂಟು ಬೆರೆಸಿ. ಹಾಗಾಗಿ ಅದರಲ್ಲಿ ಕಾಣುವ ಫೀನಾಲಿಕ್ ವಸ್ತುಗಳು ಹೂವಿನವೋ ಅಂಟಿನವೋ ಹೇಳುವುದು ಕಷ್ಟ. ಮುಳ್ಳಿಲ್ಲದ ಜೇನ್ನೊಣಗಳ ತುಪ್ಪದಲ್ಲಿ ಟ್ರೆಹಾಲುಲೋಸ್ ಎಂಬ ಸಕ್ಕರೆ ದೊಡ್ಡ ಪ್ರಮಾಣದಲ್ಲಿರುವುದು 2020ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು ಅದನ್ನೇ ಮಾಲ್ಟೋಸ್ ಎಂದು ಓದಿದ್ದುಂಟು. ಅದು ನೊಣದ ಗುರುತು, ಗಿಡದ್ದಲ್ಲ.

ಪರಿಮಳದ ವಸ್ತುಗಳಿಗೆ ಜಿಸಿ-ಎಂಎಸ್ ಇರುವ ಕಡೆ ಮಾದರಿ ಒಯ್ಯಬೇಕಾಗುತ್ತದೆ. 5 ಗ್ರಾಂ ಜೇನು, ಸ್ವಲ್ಪ ನೀರು, ಉಪ್ಪು, 20 ಮಿ.ಲೀ. ಮುಚ್ಚಳದ ಸೀಸೆ, ಪರಿಮಳದ ಆವಿ ಹೀರಿಕೊಳ್ಳುವ ಮೂರು ಪದರದ ಎಸ್‌ಪಿಎಂಇ ಫೈಬರ್. ಹಲವು ಪದ್ಧತಿಗಳಲ್ಲಿ 60 ಡಿಗ್ರಿ ಎಂದಿರುತ್ತದೆ. ನಾನು 45ಕ್ಕೆ ನಿಲ್ಲಿಸಿ ಫೈಬರ್ ಇಡುವ ಹೊತ್ತನ್ನು ಉದ್ದ ಮಾಡುತ್ತೇನೆ, ಸೀಸೆಯೊಳಗೇ ಬಿಸಿಯ ವಾಸನೆ ಹುಟ್ಟಬಾರದು. ಪ್ರತಿ ಸರದಿಗೂ ಖಾಲಿ ಸೀಸೆ ಒಂದು, ಆಲ್ಕೇನ್ ಸರಣಿ ಒಂದು. ಯಂತ್ರದ ಲೈಬ್ರರಿ ತೋರಿಸುವ ಹೆಸರನ್ನು ಧಾರಣ ಸೂಚ್ಯಂಕ (ಆಲ್ಕೇನ್ ಸರಣಿಗೆ ಹೋಲಿಸಿದಾಗ ವಸ್ತು ಹೊರಬರುವ ಹೊತ್ತು) ಹೊಂದದೆ ಒಪ್ಪಬಾರದು. ಲಿನಲೂಲ್, ಬೆಂಜಾಲ್ಡಿಹೈಡ್, ಫೀನೈಲ್ ಅಸಿಟಾಲ್ಡಿಹೈಡ್ ಬಹುಪಾಲು ಜೇನುಗಳಲ್ಲಿ ಸಿಗುವಂಥವು, ಇವನ್ನು ಹಿಡಿದು ಮೂಲ ಹೇಳಲಾಗದು. ಗ್ವಾಯಕಾಲ್, ಕ್ರೆಸಾಲ್ ಕಂಡರೆ ತೆಂಗಿನ ಸಿಪ್ಪೆಯ ಹೊಗೆ ಹೆಚ್ಚಾಗಿದೆ ಎಂದರ್ಥ. ನ್ಯಾಫ್ತಲೀನ್ ಕಂಡರೆ ಎರಿ ತೆಗೆದಿಟ್ಟ ಕಪಾಟಿನಲ್ಲಿ ನುಸಿಗುಳಿಗೆ ಇತ್ತು ಎಂದು. ಆ ಮಾತನ್ನು ಕೃಷಿಕರಿಗೆ ಮರೆಯದೆ ತಿಳಿಸುತ್ತೇನೆ, ಮೂಲ ತಿಳಿಸುವುದಕ್ಕಿಂತ ಅದು ಮುಖ್ಯ.

ಒಂದೇ ವಸ್ತುವಿನಿಂದ ಹೆಚ್ಚು ನೇರ ಉತ್ತರ ಸಿಗುವುದು ಕಾಫಿ ಜೇನಿನಲ್ಲಿ. ಘಟ್ಟದ ಮೇಲಿನಿಂದ ‘ಕಾಫಿ ಹೂವಿನದು’ ಎಂದು ಬರುವ ತುಪ್ಪಕ್ಕೆ ಕೆಫೀನ್ ನೋಡಿದರಾಯಿತು, ಕಾಫಿಯ ಮಕರಂದದಲ್ಲೇ ಅದು ಇರುತ್ತದೆ. 5 ಗ್ರಾಂ ಜೇನು 25 ಮಿ.ಲೀ. ನೀರಿನಲ್ಲಿ ಕರಗಿಸಿ ಸಿ-18 ಕಾರ್ಟ್ರಿಜ್ ಮೂಲಕ ಹಾಯಿಸಿದರೆ ಸಕ್ಕರೆ ನೀರಿನ ಜೊತೆ ಹೋಗುತ್ತದೆ, ಕೆಫೀನ್ ಉಳಿಯುತ್ತದೆ. ಅದನ್ನು 2 ಮಿ.ಲೀ. ಮೆಥನಾಲಿನಲ್ಲಿ ಇಳಿಸಿ, ಸಿ-18 ಕಾಲಮ್ಮಿನಲ್ಲಿ 273 ನ್ಯಾನೋಮೀಟರಿನಲ್ಲಿ ನೋಡುವುದು. ಕಾರ್ಟ್ರಿಜ್ಜಿಗೆ ಮೊದಲು ಮೆಥನಾಲ್, ಆಮೇಲೆ ನೀರು ಕುಡಿಸಿರಬೇಕು, ನಡುವೆ ಒಣಗಿದರೆ ಕೆಫೀನ್ ಸೋರಿಹೋಗುತ್ತದೆ. ಗೊತ್ತಿರುವಷ್ಟು ಕೆಫೀನನ್ನು ಅದೇ ಜೇನಿಗೆ ಸೇರಿಸಿ ಎಷ್ಟು ವಾಪಸು ಬಂತು ಎಂದು ನೋಡದೆ ಸಂಖ್ಯೆ ಬರೆಯಬಾರದು. ಇಲ್ಲೂ ಒಂದು ಎಚ್ಚರಿಕೆ ಬೇಕು. ಕಿತ್ತಳೆ ಜಾತಿಯ ಹೂವಿನಲ್ಲೂ ಕೆಫೀನ್ ಇದೆ, ಕೊಡಗಿನಲ್ಲಿ ಕಾಫಿಯ ನಡುವೆಯೇ ಕಿತ್ತಳೆ ಮರಗಳು. ಮೀಥೈಲ್ ಆಂಥ್ರನಿಲೇಟ್ ಕೂಡ ಸಿಕ್ಕರೆ ಕಿತ್ತಳೆಯ ಪಾಲೂ ಇದೆ ಎಂದು ಬರೆಯುತ್ತೇನೆ.

ಕಾರ್ಬನ್ ಐಸೊಟೋಪ್ ಪರೀಕ್ಷೆ ಮಾಡಿಸಿದ್ದೇವೆ, ಹಾಗಾಗಿ ಮೂಲ ಖಚಿತ ಎನ್ನುವವರಿದ್ದಾರೆ. ರಬ್ಬರ್, ತೆಂಗು, ಗೇರು, ಕಾಫಿ ಎಲ್ಲವೂ ಸಿ-3 ಗಿಡಗಳು (ಗಾಳಿಯ ಕಾರ್ಬನ್ನನ್ನು ಒಂದೇ ಬಗೆಯಲ್ಲಿ ಹಿಡಿಯುವ ಗುಂಪು), ಆ ಪರೀಕ್ಷೆಗೆ ಇವುಗಳ ನಡುವೆ ಭೇದವಿಲ್ಲ. ಅದು ಹಿಡಿಯುವುದು ಇನ್ನೊಂದು ಗುಂಪಿನ ಕಬ್ಬು, ಮೆಕ್ಕೆಜೋಳದ ಸಕ್ಕರೆಯನ್ನು. ಜೇನಿನ ಮತ್ತು ಅದರದೇ ಪ್ರೋಟೀನಿನ ನಡುವೆ ಸಾವಿರಕ್ಕೆ 1ರ ವ್ಯತ್ಯಾಸ ಬಂದರೆ ಸುಮಾರು ಶೇ. 7 ಬೆರಕೆ. ಅಕ್ಕಿಯ ಸಿರಪ್ ಸಿ-3 ಆದ್ದರಿಂದ ಇದರ ಕಣ್ಣಿಗೆ ಬೀಳುವುದಿಲ್ಲ.

ಕೊನೆಗೆ ಎಲ್ಲ ಸಂಖ್ಯೆಗಳನ್ನು ಒಟ್ಟಿಗೆ ಓದುವುದು. ವಾಹಕತೆ, ಆಮ್ಲತೆ, ಬಣ್ಣ, ಸಕ್ಕರೆಯ ಅನುಪಾತಗಳು, ಆಯ್ದ ಕೆಲವು ಶಿಖರಗಳು, ಇವನ್ನು ಸಮ ಅಳತೆಗೆ ತಂದು ಪ್ರಧಾನ ಘಟಕ ವಿಶ್ಲೇಷಣೆಗೆ (ಹಲವು ಅಳತೆಗಳನ್ನು ಒಟ್ಟುಗೂಡಿಸಿ ಹೋಲುವ ಮಾದರಿಗಳನ್ನು ಹತ್ತಿರ ಕೂರಿಸುವ ಲೆಕ್ಕಕ್ಕೆ) ಕೊಡುತ್ತೇನೆ. ಮೂಲ ಮಾದರಿಗಳ ಗುಂಪುಗಳು ಬೇರೆಬೇರೆಯಾಗಿ ಕೂತರೆ ಸಂತೋಷಪಡುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ರಬ್ಬರಿನವೆಲ್ಲ ಸುಳ್ಯದಿಂದ, ತೆಂಗಿನವೆಲ್ಲ ಉಡುಪಿಯ ಕಡಲ ಬದಿಯಿಂದ ಬಂದಿದ್ದರೆ ಲೆಕ್ಕ ಕಲಿತದ್ದು ಗಿಡವನ್ನೋ, ಊರಿನ ಮಣ್ಣು ಮತ್ತು ಉಪ್ಪುಗಾಳಿಯನ್ನೋ? ಅದಕ್ಕೇ ಒಳನಾಡಿನ ತೆಂಗಿನ ತೋಟದ ತುಪ್ಪವನ್ನೂ, ಕಾರ್ಕಳ, ಹೆಬ್ರಿ ಕಡೆಯ ರಬ್ಬರಿನದ್ದನ್ನೂ ಸೇರಿಸುವುದು. ತಾಳೆ ನೋಡುವಾಗ ಒಂದೊಂದು ಮಾದರಿಯನ್ನು ಹೊರಗಿಟ್ಟರೆ ಸಾಲದು, ಒಂದು ತೋಟದ ಎಲ್ಲ ಪೆಟ್ಟಿಗೆಗಳನ್ನೂ ಒಟ್ಟಿಗೆ ಹೊರಗಿಡಬೇಕು. ಅಕ್ಕಪಕ್ಕದ ಪೆಟ್ಟಿಗೆಗಳ ತುಪ್ಪ ಒಂದನ್ನೊಂದು ಹೋಲುವುದು ಸಹಜ, ಅದನ್ನು ಯಶಸ್ಸು ಎಂದುಕೊಳ್ಳಬಾರದು.

ವರದಿಯಲ್ಲಿ ‘ಇದು ರಬ್ಬರ್ ಜೇನು’ ಎಂದು ಬರೆಯುವುದಿಲ್ಲ. ‘ಪರಾಗ ವಿರಳ, ಕಂಡದ್ದು ಇಂತಿಂಥವು. ವಾಹಕತೆ, ಸಕ್ಕರೆ, ಪರಿಮಳದ ಲಕ್ಷಣಗಳು ನಮ್ಮಲ್ಲಿರುವ ರಬ್ಬರ್ ಎಲೆ ಮಕರಂದದ ಮೂಲ ಮಾದರಿಗಳೊಂದಿಗೆ ಹೊಂದುತ್ತವೆ’ ಎಂದು, ಕೊಯ್ಲಿನ ತಿಂಗಳು ಮತ್ತು ಊರಿನ ಹೆಸರಿನೊಂದಿಗೆ ಬರೆಯುತ್ತೇನೆ. ಎರಡು ಗುಂಪುಗಳ ನಡುವೆ ಬಿದ್ದರೆ ‘ಮಿಶ್ರ’ ಎಂದೇ ಬರೆಯುವುದು. ಹುಳಿ ಬಂದ, ಕಾಯಿಸಿದ, ಎಚ್‌ಎಂಎಫ್ ಏರಿದ ಮಾದರಿಗೆ ಮೂಲದ ಸಾಲನ್ನೇ ಖಾಲಿ ಬಿಡುತ್ತೇನೆ. ಪ್ರತಿಯೊಂದರಿಂದಲೂ 50 ಗ್ರಾಂ ಗಾಜಿನ ಸೀಸೆಯಲ್ಲಿ ಕತ್ತು ತುಂಬ ತುಂಬಿಸಿ, ಮೊಹರು ಮಾಡಿ, ಮೈನಸ್ 18 ಡಿಗ್ರಿಯಲ್ಲಿ ಮುಂದಿನ ಕೊಯ್ಲು ಮುಗಿಯುವವರೆಗೆ ಇಡುವುದು. ತಕರಾರು ಬಂದರೆ ತೆರೆಯುವುದು ಅದನ್ನೇ.